ಮೂರು ಸಲ ಒಗೆದ ಅಂಗಿ

"ಆ ಮಷಿನ್ ನಿಲ್ಸಿ... ದಯವಿಟ್ಟು ನಿಲ್ಸಿ!"

ಹಡಗಿನ ಎಂಟನೇ ಮಹಡಿಯ ಲಾಂಡ್ರಿ ಕೋಣೆಯ ಬಾಗಿಲಲ್ಲಿ ನಿಂತು ಅವಳು ಕೂಗಿದಳು. ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಮೆಟ್ಟಿಲಲ್ಲಿ ಎಲ್ಲೋ ಕಳಚಿ ಬಿದ್ದಿತ್ತು.

ಒಳಗೆ ಇದ್ದವನು ಒಬ್ಬನೇ. ಹಲಗೆಯ ಮುಂದೆ ನಿಂತು ಬಿಳಿ ಅಂಗಿಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದ. ಅವಳ ಮುಖ ನೋಡಿದವನೇ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಮಷಿನ್‌ಗಳ ಕಡೆ ಧಾವಿಸಿದ.

"ಯಾವುದು?"

"ಮೂರನೇದು."

ಅವನು ಗುಂಡಿ ಒತ್ತಿದ. ಮಷಿನ್ ಗೊರಗುಟ್ಟುತ್ತಾ ನಿಂತಿತು. ಆದರೆ ಬಾಗಿಲು ತೆರೆಯಲಿಲ್ಲ. ನೀರು ಪೂರ್ತಿ ಇಳಿಯುವವರೆಗೆ ಬಾಗಿಲು ಬಿಡದ ಮಷಿನ್ ಅದು.

ದುಂಡಗಿನ ಗಾಜಿನ ಹಿಂದೆ, ನೊರೆಯ ನಡುವೆ, ಅವಳ ನೀಲಿ ಜಾಕೆಟಿನ ತೋಳು ಕಾಣಿಸಿತು. ಅದರ ಪಕ್ಕದಲ್ಲೇ ಹಳದಿ ಬಣ್ಣದ ಕೊಳವೆಯೊಂದು ತೇಲಿ ಬಂದು ಗಾಜಿಗೆ ಬಡಿಯಿತು. ಟಕ್.

ಅವಳ ಜೀವ ಬಾಯಿಗೆ ಬಂತು.

'ಒಂದು ಹೊರಗೆ ಬಿದ್ದಿದೆ... ಇನ್ನೊಂದು? ಇನ್ನೊಂದಾದ್ರೂ ಉಳಿದಿರ್ಲಿ...'

ಎರಡು ನಿಮಿಷ. ಬರೀ ಎರಡೇ ನಿಮಿಷ, ಆದರೆ ಅಷ್ಟರಲ್ಲಿ ಅವಳು ಬಾಗಿಲಿನ ಹಿಡಿಯನ್ನು ಹತ್ತು ಸಲ ಎಳೆದಳು. ಬಾಗಿಲು ಕ್ಲಿಕ್ ಎಂದ ಕೂಡಲೇ ಜಾಕೆಟನ್ನು ಎಳೆದು, ಒಳಜೇಬಿನ ಜಿಪ್ ತೆಗೆದು ಕೈ ಹಾಕಿದಳು. ನೀರೂ ಬಿಸಿಯೂ ಒಳಹೋಗದ ಗಟ್ಟಿ ಡಬ್ಬಿಯೊಳಗಿದ್ದ ಎರಡನೇ ಕೊಳವೆ ಒಣಗಿಯೇ ಇತ್ತು. ಅಲ್ಲೇ ನೆಲದ ಮೇಲೆ ಕುಸಿದು ಕುಳಿತಳು.

"ಏನದು?" ಅವನು ಮೆಲ್ಲಗೆ ಕೇಳಿದ.

"ಇಂಜೆಕ್ಷನ್ ಪೆನ್ನು. ನನಗೆ ಕಡಲೆಕಾಯಿ ಆಗಲ್ಲ. ಬಾದಾಮಿ, ಗೋಡಂಬಿ ಯಾವುದೂ ಆಗಲ್ಲ. ಆಗಲ್ಲ ಅಂದ್ರೆ ಮೈ ಕೆರೆಯೋದಲ್ಲ... ಉಸಿರೇ ನಿಂತುಹೋಗುತ್ತೆ. ಆಗ ಇದನ್ನ ತೊಡೆಗೆ ಚುಚ್ಕೋಬೇಕು. ಎರಡಿತ್ತು. ಬಿಸಿನೀರಿಗೆ ಬಿದ್ದಿದ್ದು ಇನ್ನು ಕೆಲಸಕ್ಕೆ ಬರಲ್ಲ."

"ತಿಂದ್ರೆ ಮಾತ್ರನಾ?"

"ತಿಂದ ಕೈಯಲ್ಲಿ ಯಾರಾದ್ರೂ ನನ್ನ ಬಾಯಿ ಮುಟ್ಟಿದ್ರೂ ಸಾಕು."

ಅವಳನ್ನು ಎಬ್ಬಿಸಲೆಂದು ಚಾಚಿದ್ದ ಕೈಯನ್ನು ಅವನು ತಟ್ಟನೆ ಹಿಂದಕ್ಕೆ ಎಳೆದುಕೊಂಡ.

ಓದುಗರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಅವಳಿಗೆ ಅದು ಗೊತ್ತಾಗಲು ಇನ್ನೂ ನಾಲ್ಕು ದಿನ ಬೇಕು. ಅವನು ಬೇಕರಿಯವನು. ಹದಿನೈದು ವರ್ಷಗಳಿಂದ ಅವನ ಬೇಕರಿಗೆ ಹೆಸರು ತಂದುಕೊಟ್ಟಿರುವುದೇ ಕಡಲೆಕಾಯಿ ಬಿಸ್ಕತ್ತು ಮತ್ತು ಬಾದಾಮಿ ಕೇಕು. ಇಸ್ತ್ರಿ ಹಾಕುತ್ತಿದ್ದ ಆ ಬಿಳಿ ಅಂಗಿ ಕೂಡ ಬೇಕರಿಯಲ್ಲಿ ಹಾಕಿಕೊಳ್ಳುವುದೇ. ಅವನ ಬಟ್ಟೆಗಳ ಹೊಲಿಗೆ ಸಂದುಗಳಲ್ಲಿ, ಪೆಟ್ಟಿಗೆಯ ಮೂಲೆಗಳಲ್ಲಿ ಬಾದಾಮಿ ಪುಡಿ ಇಲ್ಲದ ಜಾಗ ಹುಡುಕಬೇಕು. ಆ ಹಡಗಿನಲ್ಲಿ ಇದ್ದ ಎರಡು ಸಾವಿರ ಜನರಲ್ಲಿ ಅವಳು ದೂರ ಇರಲೇಬೇಕಾದ ಒಬ್ಬ ಮನುಷ್ಯನಿದ್ದರೆ ಅದು ಅವನೇ.

ಅದನ್ನು ಹೇಳಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳ ಅಕ್ಕ ಒಂದು ಚಪ್ಪಲಿ ಹಿಡಿದುಕೊಂಡು ಏದುಸಿರು ಬಿಡುತ್ತಾ ಬಂದಳು.

"ಸಿಕ್ತಾ ಗುಬ್ಬಿ? ಎರಡೂ ಸಿಕ್ತಾ?"

"ಒಂದು."

ಅಕ್ಕನ ಮುಖದ ಬಣ್ಣವೇ ಇಳಿದುಹೋಯಿತು. ತಪ್ಪು ಅವಳದೇ. ಹಿಂದಿನ ರಾತ್ರಿ ಊಟದ ಹಾಲ್‌ನಲ್ಲಿ ಯಾರೋ ಅಪರಿಚಿತರ ತೋಳು ಗುಬ್ಬಿಯ ಜಾಕೆಟಿಗೆ ತಗುಲಿತ್ತು. ಅವರು ಏನು ತಿಂದಿದ್ದರೋ ಏನೋ ಎಂಬ ಭಯಕ್ಕೆ ಅಕ್ಕ ಬೆಳಿಗ್ಗೆ ಎದ್ದವಳೇ ಜಾಕೆಟನ್ನು ಒಗೆಯಲು ಹಾಕಿದ್ದಳು. ಜೇಬು ನೋಡಿರಲಿಲ್ಲ. ತಂಗಿಯನ್ನು ಕಾಯುವ ಗಡಿಬಿಡಿಯಲ್ಲಿ ತಂಗಿಯನ್ನು ಕಾಯುವ ವಸ್ತುವನ್ನೇ ನೀರಿಗೆ ಹಾಕಿದ್ದಳು.

ಅವನು ಆಗ ಒಂದು ವಿಚಿತ್ರ ಕೆಲಸ ಮಾಡಿದ. ಪೆನ್ನಿನ ಜೊತೆಗಿದ್ದ ಸೂಚನೆಯ ಕಾಗದ ಒದ್ದೆಯಾಗಿ ಮುದ್ದೆಯಾಗಿತ್ತು. ಅದನ್ನು ಕೈಯಿಂದ ಮುಟ್ಟದೆ ಹಡಗಿನವರ ಟವೆಲಿನಿಂದ ಎತ್ತಿ, ಟವೆಲಿನ ಮಡಿಕೆಯೊಳಗಿಟ್ಟು, ಹಗುರವಾಗಿ ಇಸ್ತ್ರಿ ಹಾಕಿ ಒಣಗಿಸಿದ. ಕೊಡುವ ಮೊದಲು ಮೊದಲಿನಿಂದ ಕೊನೆಯವರೆಗೂ ಓದಿದ.

"ಇದು ಬೇಕಾಗುತ್ತೆ ನಿಮಗೆ," ಎಂದು ಟವೆಲಿನ ತುದಿಯಲ್ಲೇ ಹಿಡಿದು ಚಾಚಿದ.

ಹೊರಗೆ ಬಂದ ಮೇಲೆ ಅಕ್ಕ ಹೇಳಿದಳು, "ಯಾರೇ ಅದು? ಕಾಗದಕ್ಕೆಲ್ಲ ಇಸ್ತ್ರಿ ಹಾಕ್ತಾನೆ."

ಅಂದಿನಿಂದ ಅಕ್ಕ-ತಂಗಿಯರ ಬಾಯಲ್ಲಿ ಅವನ ಹೆಸರು 'ಇಸ್ತ್ರಿ' ಎಂದೇ ಆಯಿತು.

ಪ್ರಯಾಣ ಶುರುವಾಗಿ ಆಗಿದ್ದು ಒಂದೇ ದಿನ. ಇನ್ನೂ ಆರು ದಿನ ಬಾಕಿ ಇತ್ತು. ಸುತ್ತಲೂ ನೀರು. ಡಾಕ್ಟರ ಕೋಣೆ ಏಳು ಮಹಡಿ ಕೆಳಗೆ. ಅಲ್ಲಿ ಔಷಧಿ ಇತ್ತು, ಸಿರಿಂಜ್ ಇತ್ತು, ಆದರೆ ಜೇಬಿನಲ್ಲಿಟ್ಟುಕೊಳ್ಳುವ ಪೆನ್ನು ಇರಲಿಲ್ಲ. ಅಲ್ಲಿಗೆ ತಲುಪುವವರೆಗೆ ಜೀವ ಹಿಡಿದಿಡಬೇಕಾದದ್ದು ಉಳಿದ ಒಂದೇ ಪೆನ್ನು. ಗುಬ್ಬಿ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಐದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅವಳಿಗೆ ಈಗ ಇಪ್ಪತ್ತೊಂಬತ್ತು. ಲೈಬ್ರರಿಯೊಂದರಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಏಳನೇ ವಯಸ್ಸಿನಲ್ಲಿ ಅಕ್ಕ ತನ್ನ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಟ್ಟಾಗ ಮೊದಲ ಸಲ ಹೀಗಾಗಿತ್ತು. ಅಂದಿನಿಂದ ಅಕ್ಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವಳನ್ನು ಕಾಯುತ್ತಲೇ ಇದ್ದಳು. ಎಲ್ಲಿ ಹೋದರೂ ಗುಬ್ಬಿ ಎರಡು ತುತ್ತು ಕೆದಕಿ ತಟ್ಟೆ ಸರಿಸುತ್ತಿದ್ದಳು. ಆ ಹೆಸರು ಬಂದದ್ದೇ ಹಾಗೆ.

ಈ ಪ್ರವಾಸಕ್ಕೆ ಅಕ್ಕ ಮಾಡಿದ ಪ್ಯಾಕಿಂಗ್ ನೋಡಿ ಮನೆಯಲ್ಲೇ ಉಳಿದ ಭಾವ ನಕ್ಕಿದ್ದ. ಒಂದು ಪೆಟ್ಟಿಗೆಯಲ್ಲಿ ಬಟ್ಟೆ. ಇನ್ನೊಂದರಲ್ಲಿ ಸೀಲ್ ಒಡೆಯದ ತಿಂಡಿ ಪೊಟ್ಟಣಗಳು, ಸ್ವಂತ ತಟ್ಟೆ, ಚಮಚ, ಮೇಜು ಒರೆಸುವ ಬಟ್ಟೆ, ಕೆಟಲ್, ಇಸ್ತ್ರಿ ಪೆಟ್ಟಿಗೆ. ಹತ್ತುವಾಗ ತಪಾಸಣೆಯವರು ಕೆಟಲ್ಲನ್ನೂ ಇಸ್ತ್ರಿ ಪೆಟ್ಟಿಗೆಯನ್ನೂ ತೆಗೆದಿಟ್ಟುಕೊಂಡರು. ಬೆಂಕಿಯ ಭಯವಂತೆ, ಇಳಿಯುವ ದಿನ ಕೊಡುತ್ತಾರಂತೆ.

"ಅವರವರ ಭಯ ಅವರವರಿಗೆ," ಎಂದು ಅಕ್ಕ ಗೊಣಗಿದ್ದಳು.

ಊಟಕ್ಕೂ ಒಂದು ವ್ಯವಸ್ಥೆ ಇತ್ತು. ಪ್ರತಿ ಸಂಜೆ ಊಟದ ಹಾಲ್‌ನ ಮೇಲ್ವಿಚಾರಕ ಮರುದಿನದ ಪಟ್ಟಿ ಹಿಡಿದುಕೊಂಡು ಬರುತ್ತಿದ್ದ. ಗುಬ್ಬಿ ಗುರುತು ಹಾಕಿದ್ದನ್ನು ಅಡುಗೆಮನೆಯ ಬೇರೆ ಮೂಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಬೇಯಿಸಿ, ಕೆಂಪು ಮುಚ್ಚಳ ಹಾಕಿ ತರುತ್ತಿದ್ದರು. ಉಪ್ಪು ಖಾರ ಎಲ್ಲ ಸಪ್ಪೆ. ಆದರೂ ಪ್ರತಿ ಸಲ ಮುಚ್ಚಳ ತೆಗೆಯುವಾಗ ಅವಳ ಎದೆ ಹೊಡೆದುಕೊಳ್ಳುತ್ತಿತ್ತು.

ಊಟದ ಹಾಲ್‌ಗೆ ಹಾಕಿಕೊಂಡು ಹೋದ ಬಟ್ಟೆಯನ್ನು ಮರುದಿನ ಒಗೆಯಲೇಬೇಕು ಎಂಬುದು ಅಕ್ಕನ ಕಾನೂನು. ಹಾಗಾಗಿ ಬೆಳಿಗ್ಗೆ ಆರೂವರೆಗೆ ಗುಬ್ಬಿ ಲಾಂಡ್ರಿ ಕೋಣೆಗೆ ಹೋಗುತ್ತಿದ್ದಳು. ಹೋದಾಗಲೆಲ್ಲ ಅವನು ಅಲ್ಲಿರುತ್ತಿದ್ದ. ಎರಡು ಮಷಿನ್ ತುಂಬ ಅವನದೇ ಬಟ್ಟೆ.

"ಊರಿನವರ ಬಟ್ಟೆನೆಲ್ಲ ಹೊತ್ಕೊಂಡು ಬಂದಿದೀರಾ ಹೇಗೆ?" ಮೂರನೇ ದಿನ ಅವಳು ಕೇಳಿಯೇಬಿಟ್ಟಳು.

"ಇಲ್ಲ... ಪೆಟ್ಟಿಗೆಯಲ್ಲಿ ಧೂಳಿತ್ತು."

"ನಿನ್ನೆನೂ ಇದೇ ಅಂಗಿ ಒಗೀತಿದ್ರಿ."

"ನಮ್ಮನೆ ಧೂಳು ಒಂದೇ ಸಲಕ್ಕೆ ಹೋಗಲ್ಲ."

ಅವಳಿಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಹೊರಗಿನ ಮನುಷ್ಯನೊಬ್ಬನ ಮುಂದೆ ಅವಳು ಪೆನ್ನು ಮುಟ್ಟಿ ನೋಡಿಕೊಳ್ಳುವುದನ್ನು ಮರೆತಿದ್ದಳು.

"ಏನು ಕೆಲಸ ನಿಮ್ಮದು?"

ಅವನು ತಿರುಗಿ ಸೋಪಿನ ಪುಡಿಯ ಡಬ್ಬಿ ಹುಡುಕತೊಡಗಿದ. "ಸಣ್ಣ ಕಾರ್ಖಾನೆ ಥರ. ದೊಡ್ಡ ದೊಡ್ಡ ಒಲೆ ಇದಾವೆ. ಬೆಂಕಿ ಕೆಲಸ."

ಈಗಲೇ ಹೇಳಿಬಿಡಬಾರದೇ ಮಹಾರಾಯ ಎಂದು ನಿಮಗೂ ಅನ್ನಿಸುತ್ತಿದೆ ಅಲ್ಲವೇ? ನನಗೂ ಅನ್ನಿಸುತ್ತದೆ. ಅವನಿಗೂ ಅನ್ನಿಸಿತ್ತು. ಆದರೆ ಹೇಳಿದ ಮರುಕ್ಷಣ ಅವಳು ಬಾಗಿಲಾಚೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ಇನ್ನೊಂದು ದಿನ, ಇನ್ನೊಂದು ಸಲ ಒಗೆದ ಮೇಲೆ ಹೇಳೋಣ ಎಂದು ಮಾತು ನುಂಗಿದ.

ನಾಲ್ಕನೇ ದಿನ ಅಲೆಗಳು ಜೋರಾಗಿದ್ದವು. ಬಟ್ಟೆ ತುಂಬಿದ ಬುಟ್ಟಿ ಎತ್ತುವಾಗ ಹಡಗು ಒಂದು ಕಡೆ ವಾಲಿತು. ಗುಬ್ಬಿ ಮುಗ್ಗರಿಸಿದಳು. ಅವನು ಎರಡೇ ಹೆಜ್ಜೆ ದೂರದಲ್ಲಿದ್ದ. ಹಿಡಿಯಲು ಮುಂದಾದವನು ಕೈ ಹಿಂದಕ್ಕೆ ತೆಗೆದುಕೊಂಡ. ಅವಳ ಭುಜ ಮಷಿನ್‌ನ ಅಂಚಿಗೆ ಬಡಿಯಿತು.

"ಪೆಟ್ಟಾಯ್ತಾ?" ಅವನು ಗಾಬರಿಯಿಂದ ಕೇಳಿದ. ಆದರೂ ಹತ್ತಿರ ಬರಲಿಲ್ಲ.

"ಪರವಾಗಿಲ್ಲ ಬಿಡಿ. ಎಲ್ರೂ ಹಾಗೇ. ನನ್ನನ್ನ ಮುಟ್ಟೋಕೆ ಭಯ ಎಲ್ರಿಗೂ."

'ಇವನೂ ಅಷ್ಟೇ...' ಎಂದುಕೊಳ್ಳುತ್ತಾ ಕೋಣೆಗೆ ಬಂದವಳೇ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತಳು. ನೋವು ಭುಜದ್ದಲ್ಲ. ಅವಳ ಭಯ ಬರೀ ಸಾವಿನದೂ ಅಲ್ಲ. ಯಾರ ಹೆಗಲ ಮೇಲೂ ತಲೆಯಿಡದೆ, ಯಾರ ಕೈಯನ್ನೂ ಹಿಡಿಯದೆ, ಹೀಗೇ ಒಂದು ಪೆನ್ನು ಕಾಯುತ್ತಾ ಮುದುಕಿಯಾಗಿಬಿಡುತ್ತೇನೆ ಎಂಬ ಭಯ. ಅದನ್ನು ಅವಳು ಅಕ್ಕನಿಗೂ ಹೇಳಿರಲಿಲ್ಲ.

ಐದನೇ ದಿನ ಹೋಗಬಾರದು ಎಂದುಕೊಂಡೇ ಹೋದಳು.

ಅವನ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾಗಿದ್ದವು. "ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಮೇಲಿನ ಡೆಕ್‌ಗೆ ಬರ್ತೀರಾ? ಅಲ್ಲಿ ಗಾಳಿ ಚೆನ್ನಾಗಿರುತ್ತೆ. ನಿಮಗೊಂದು ವಿಷಯ ಹೇಳ್ಬೇಕು. ಮೊದಲೇ ಹೇಳ್ಬೇಕಿತ್ತು."

'ಏನು ಹೇಳ್ತಾರೆ?' ಹುಡುಗಿಯರ ಮನಸ್ಸು ಅಂಥ ಮಾತಿಗೆ ಒಂದೇ ಅರ್ಥ ಮಾಡಿಕೊಳ್ಳುತ್ತದೆ. ಅಕ್ಕನಿಗೆ ಸುಳ್ಳು ಹೇಳಿ, ಇದ್ದುದರಲ್ಲಿ ಚೆಂದದ ಹಸಿರು ಕುರ್ತಾ ಹಾಕಿಕೊಂಡು ಆರನೇ ದಿನ ಒಬ್ಬಳೇ ಡೆಕ್‌ಗೆ ಹೋದಳು.

ಅವನು ಇನ್ನೂ ಬಂದಿರಲಿಲ್ಲ. ಕೆಳಗೆ ತನ್ನ ಕೋಣೆಯಲ್ಲಿ ಮೂರನೇ ಸಲ ಕೈ ತೊಳೆಯುತ್ತಿದ್ದ. ಅವನ ಬದಲು ಬಂದವರು ಅವನ ಜೊತೆಗೇ ಹಡಗು ಹತ್ತಿದ್ದ ಅವನ ಅಮ್ಮ.

"ನೀನೇ ಅಲ್ವಾ ಆ ಲಾಂಡ್ರಿ ಹುಡುಗಿ?" ಗುಂಡುಗುಂಡಾಗಿದ್ದ ಆಕೆ ಏನನ್ನೋ ಅಗಿಯುತ್ತಾ ನಗುತ್ತಾ ಬಂದರು. "ನನ್ನ ಮಗ ಬೆಳಿಗ್ಗೆ ಎದ್ದು ಆ ಕಡೆ ಓಡೋದು ನೋಡಿ, ಇವತ್ತು ಹತ್ತಕ್ಕೆ ಡೆಕ್‌ಗೆ ಅಂದದ್ದೂ ಕೇಳಿ, ಯಾರಪ್ಪಾ ಇದು ನೋಡೇಬಿಡೋಣ ಅಂತ ಅವನಿಗಿಂತ ಮೊದ್ಲೇ ಬಂದೆ. ಎಷ್ಟು ಲಕ್ಷಣವಾಗಿದೀಯಮ್ಮಾ."

ಆಕೆ ಎರಡೂ ಕೈಗಳಲ್ಲಿ ಅವಳ ಗಲ್ಲ ಹಿಡಿದರು. ಗಾಳಿಗೆ ಹಾರಿ ತುಟಿಗೆ ಅಂಟಿದ್ದ ಕೂದಲೆಳೆಯನ್ನು ಹೆಬ್ಬೆರಳಿನಿಂದ ಪ್ರೀತಿಯಿಂದ ಸರಿಸಿದರು. ಎಲ್ಲವೂ ಒಂದು ಕ್ಷಣದಲ್ಲಿ ಆಗಿಹೋಯಿತು. ಹಿಂದೆ ಸರಿಯಬೇಕು ಎಂದು ಗುಬ್ಬಿಗೆ ಹೊಳೆಯುವಷ್ಟರಲ್ಲಿ ಆಕೆ ಕೈಚೀಲದಿಂದ ಒಂದು ಡಬ್ಬಿ ತೆಗೆದಿದ್ದರು.

"ತಗೋ. ಕಡಲೆಕಾಯಿ ಬಿಸ್ಕತ್ತು. ನನಗೆ ಸಕ್ಕರೆ ಕಾಯಿಲೆ ನೋಡು, ಈ ಹಡಗಿನ ತಿಂಡಿ ಒಂದೂ ಆಗಲ್ಲ. ನನ್ನ ಮಗ ಸಕ್ಕರೆ ಹಾಕ್ದೆ ಸ್ವಂತ ಕೈಯಲ್ಲಿ ಮಾಡಿರೋದು. ನಮ್ಮದು ಬೇಕರಿ ಅಲ್ವಾ... ಹೇಳಿಲ್ವಾ ಅವನು?"

ಗುಬ್ಬಿಗೆ ಸಮುದ್ರದ ಸದ್ದು ಕೇಳಿಸುವುದು ನಿಂತುಹೋಯಿತು.

ಬೇಕರಿ. ದೊಡ್ಡ ದೊಡ್ಡ ಒಲೆ. ಕೈ ಹಿಂದಕ್ಕೆ ಎಳೆದುಕೊಂಡದ್ದು...

ತುಟಿ ಚುರುಗುಟ್ಟತೊಡಗಿತು. ಗಲ್ಲದ ಮೇಲೆ ಬಿಸಿ ಏರಿತು. ಕತ್ತಿನವರೆಗೂ ಕೆಂಪು ದದ್ದುಗಳು ಎದ್ದವು. ನಾಲಿಗೆ ದಪ್ಪವಾದಂತೆ, ಗಂಟಲನ್ನು ಒಳಗಿನಿಂದ ಯಾರೋ ಬಿಗಿಯುತ್ತಿರುವಂತೆ ಆಯಿತು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಊಟದಲ್ಲೂ ಹೆದರುತ್ತಾ ಬಂದದ್ದು ಈಗ, ಅಕ್ಕ ಪಕ್ಕದಲ್ಲಿಲ್ಲದ ಹೊತ್ತಿನಲ್ಲಿ, ನಿಜವಾಗಿಯೂ ಆಗುತ್ತಿತ್ತು.

ಅಷ್ಟರಲ್ಲಿ ಮೆಟ್ಟಿಲ ಬಾಗಿಲಿನಿಂದ ಅವನು ಓಡಿ ಬಂದ.

"ಹತ್ರ ಬರ್ಬೇಡಿ," ಅವಳು ಕೈ ಅಡ್ಡ ಹಿಡಿದಳು. ಧ್ವನಿ ಆಗಲೇ ಒಡೆದಿತ್ತು. "ನೀವು... ಬರ್ಬೇಡಿ."

ಅವನು ನಿಂತುಬಿಟ್ಟ. ಹತ್ತಡಿ ದೂರ. ಒಂದು ಹೆಜ್ಜೆ ಮುಂದೆ ಇಡಲಿಲ್ಲ.

"ಅಮ್ಮಾ, ಹಿಂದೆ ಬಾ. ಅವರನ್ನ ಮುಟ್ಬೇಡ." ಡೆಕ್‌ನ ಕೆಲಸಗಾರನ ಕಡೆ ತಿರುಗಿ, "ಡಾಕ್ಟರ್‌ಗೆ ಫೋನ್ ಮಾಡಿ, ಅಲರ್ಜಿ, ಉಸಿರಾಟದ ತೊಂದರೆ ಅನ್ನಿ," ಎಂದ. ಆಮೇಲೆ ಅಲ್ಲೇ ಮಂಡಿಯೂರಿ ಕೂತ, ಅವಳ ಕಣ್ಣಿಗೆ ತನ್ನ ಕಣ್ಣು ಸಮವಾಗುವಂತೆ.

"ನೆಲದ ಮೇಲೆ ಕೂತ್ಕೊಳ್ಳಿ. ಹಾಂ. ಪೆನ್ನು ಎಲ್ಲಿದೆ?"

ಗುಬ್ಬಿಯ ಕೈಕಾಲು ಆಡಲಿಲ್ಲ. ಪೆನ್ನು ಚುಚ್ಚುವ ಕೆಲಸ ಯಾವಾಗಲೂ ಅಕ್ಕನದು. 'ನೀನು ಸುಮ್ನಿರು, ನಾನಿದೀನಲ್ಲ' ಎಂದೇ ಅಕ್ಕ ಅವಳಿಗೆ ಕಲಿಯಲೂ ಬಿಟ್ಟಿರಲಿಲ್ಲ. ಈಗ ಅಕ್ಕ ನಾಲ್ಕು ಮಹಡಿ ಕೆಳಗೆ ಪುಸ್ತಕ ಓದುತ್ತಾ ಕೂತಿದ್ದಳು.

"ಅಕ್ಕ..."

"ಅಕ್ಕನ್ನ ಕರೆಸ್ತೀವಿ. ಅಲ್ಲಿವರೆಗೆ ಕಾಯೋ ಹಾಗಿಲ್ಲ. ನೀವೇ ಮಾಡ್ಬೇಕು. ಪೆನ್ನು ತೆಗೀರಿ."

ತೆಗೆದಳು. ಡಬ್ಬಿ ಕೈಯಿಂದ ಜಾರಿತು. ಮತ್ತೆ ಎತ್ತಿಕೊಂಡಳು.

"ನೀಲಿ ಮುಚ್ಚಳ ಎಳೀರಿ. ನೇರಕ್ಕೆ. ಈಗ ಇನ್ನೊಂದು ತುದಿ ತೊಡೆಯ ಪಕ್ಕಕ್ಕೆ. ಬಟ್ಟೆ ಮೇಲೇನೇ ಆಗುತ್ತೆ."

"ನನಗೆ ಆಗಲ್ಲ..."

"ಭಯ ಇರ್ಲಿ. ಕೈ ಮಾತ್ರ ಗಟ್ಟಿಯಾಗಿರ್ಲಿ. ಒತ್ತಿ."

ಒತ್ತಿದಳು. ಕಟ್ ಎಂದಿತು. ತೊಡೆಯಲ್ಲಿ ಬೆಂಕಿ ಹೊಕ್ಕಂತಾಯಿತು.

"ತೆಗೀಬೇಡಿ. ಎಣಿಸೋಣ. ಒಂದು... ಎರಡು... ಮೂರು..."

ಹತ್ತರವರೆಗೆ ಅವನು ಎಣಿಸಿದ. ಅವಳ ಕಣ್ಣು ಅವನ ತುಟಿಗಳ ಮೇಲೇ ಇತ್ತು. ಆ ಹೊತ್ತಿನಲ್ಲಿ ಅವಳಿಗೆ ಬೇರೆ ಯಾವ ಆಸರೆಯೂ ಇರಲಿಲ್ಲ. ಬಿಳಿ ಕೋಟಿನ ಡಾಕ್ಟರಮ್ಮ ಗಾಲಿ ಮಂಚದೊಂದಿಗೆ ಓಡಿ ಬರುವವರೆಗೂ ಅವನು ಆ ಹತ್ತಡಿಯನ್ನು ದಾಟಲಿಲ್ಲ.

ಡಾಕ್ಟರಮ್ಮ ಅವಳನ್ನು ಸಂಜೆಯವರೆಗೆ ಮಲಗಿಸಿಕೊಂಡರು. "ಪೆನ್ನು ಸರಿಯಾದ ಹೊತ್ತಿಗೆ ಬಿದ್ದಿದೆ. ಹೆದರ್ಬೇಡಿ, ಈಗೇನೂ ಇಲ್ಲ," ಎಂದರು.

ಅಕ್ಕ ಮಂಚದ ಪಕ್ಕ ಕೂತು ಅಳುತ್ತಲೇ ಇದ್ದಳು. "ನಾನಿರ್ಬೇಕಿತ್ತು ಗುಬ್ಬಿ. ನಿನ್ನ ಒಬ್ಬಳನ್ನೇ ಬಿಡಬಾರ್ದಿತ್ತು."

"ನೀನಿದ್ದಿದ್ರೆ ನಾನು ಚುಚ್ಕೊಳ್ಳೋದು ಯಾವತ್ತೂ ಕಲೀತಿರ್ಲಿಲ್ಲ."

ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅವಳನ್ನೇ ನೋಡಿದಳು. "ಇಸ್ತ್ರಿ ಹೊರಗೆ ನಿಂತಿದಾನೆ. ಬೆಳಿಗ್ಗೆಯಿಂದ," ಎಂದಳು.

"ಹೋಗೋಕೆ ಹೇಳು."

"ಪೆನ್ನು ಹಾಕಿಸಿದ್ದು ಅವನೇ ಅಂತೆ..."

"ಹೌದು. ಬೇಕರಿ ವಿಷಯ ಮುಚ್ಚಿಟ್ಟಿದ್ದೂ ಅವನೇ. ನನ್ನ ಜೀವದ ವಿಷಯ ಅಕ್ಕ. ನನಗೇ ಹೇಳ್ಲಿಲ್ಲ." ಗುಬ್ಬಿ ಗೋಡೆಯ ಕಡೆ ತಿರುಗಿ ಮಲಗಿದಳು. ಕಣ್ಣು ಮುಚ್ಚಿದರೆ ಅವನ ಎಣಿಕೆಯೇ ಕೇಳಿಸುತ್ತಿತ್ತು, ಅದಕ್ಕೂ ಅವಳಿಗೆ ಸಿಟ್ಟು ಬಂತು.

ಏಳನೆಯದು ಕೊನೆಯ ದಿನ. ಮರುದಿನ ಬೆಳಿಗ್ಗೆ ದಡ. ಸಂಜೆ ಏಳರೊಳಗೆ ಎಲ್ಲರೂ ಪೆಟ್ಟಿಗೆಗಳಿಗೆ ಬಣ್ಣದ ಚೀಟಿ ಕಟ್ಟಿ ಕೋಣೆಯ ಹೊರಗೆ ಇಡಬೇಕಿತ್ತು. ರಾತ್ರಿ ಹಡಗಿನವರು ಒಯ್ಯುತ್ತಾರೆ. ಅಕ್ಕ ಎಲ್ಲ ಬಟ್ಟೆಗಳನ್ನೂ ತುಂಬಿ, ನಾಳೆ ಹಾಕಿಕೊಳ್ಳಬೇಕಾದ ಬಟ್ಟೆಯನ್ನೂ ತುಂಬಿ, ಮತ್ತೆ ಪೆಟ್ಟಿಗೆ ಬಿಚ್ಚಿ ಕೂತಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. ಗುಬ್ಬಿ ತೆರೆದಾಗ ಹೊಸಿಲ ಮುಂದೆ ಯಾರೂ ಇರಲಿಲ್ಲ. ಎದುರು ಗೋಡೆಗೆ ಬೆನ್ನು ಒತ್ತಿಕೊಂಡು, ಎಷ್ಟು ದೂರ ಸಾಧ್ಯವೋ ಅಷ್ಟು ದೂರ, ಅವನ ಅಮ್ಮ ನಿಂತಿದ್ದರು.

"ಒಳಗೆ ಬರಲ್ಲಮ್ಮ," ಆಕೆ ಅಲ್ಲಿಂದಲೇ ಹೇಳಿದರು. "ಕೈ ತೊಳ್ದಿದೀನಿ. ಸ್ನಾನ ಮಾಡಿದೀನಿ. ಆದ್ರೂ ಬರಲ್ಲ. ನನಗೆ ಏನೂ ಗೊತ್ತಿರ್ಲಿಲ್ಲ ಮಗಳೇ. ನನ್ನ ಕೈಯಾರೆ... ಹೊಟ್ಟೆಗೆ ಹಾಕ್ಕೊಂಡುಬಿಡು."

"ಅಯ್ಯೋ, ನಿಮಗೆ ಹೇಗೆ ಗೊತ್ತಾಗ್ಬೇಕು? ಗೊತ್ತಿದ್ದವರು ಹೇಳ್ಬೇಕಿತ್ತು."

"ಅದೇ ನಾನೂ ಅವನಿಗೆ ಬೈದಿದ್ದು. ಎರಡನೇ ದಿನ ಬಂದು, 'ಅಮ್ಮಾ ಎಲ್ಲ ಡಬ್ಬಿ ಕೊಡು, ಬಿಸಾಕ್ತೀನಿ' ಅಂದ. ಯಾಕೋ ಅಂದ್ರೆ ಬಾಯಿ ಬಿಡ್ಲಿಲ್ಲ. ಹಸಿವಾದ್ರೆ ಇರ್ಲಿ ಅಂತ ಒಂದು ಡಬ್ಬಿ ಬಚ್ಚಿಟ್ಕೊಂಡೆ. ಆಮೇಲೆ ಬಟ್ಟೆ ಒಗೆಯೋಕೆ ಶುರು ಮಾಡಿದ. ಒಂದೊಂದು ಅಂಗಿ ಮೂರು ಮೂರು ಸಲ. ಉಣ್ಣೆ ಸ್ವೆಟರ್ ಕುಗ್ಗಿ ಕೂಸಿನ ಅಂಗಿ ಥರ ಆಗಿದೆ. ಎರಡನೇ ಪಂಕ್ತಿ ಊಟಕ್ಕೆ ಹೋದ್ರೆ ಅಲ್ಲೂ ಕೆಂಪು ಮುಚ್ಚಳದ ತಟ್ಟೆ ತರಿಸ್ಕೊಂಡು ಸಪ್ಪೆ ಊಟ ಮಾಡ್ತಿದ್ದ. ನಾನು ಹೊಟ್ಟೆ ಕೆಟ್ಟಿದೆ ಅಂದ್ಕೊಂಡು ದಿನಾ ಮಾತ್ರೆ ಕೊಡ್ತಿದ್ದೆ."

ಒಳಗಿನಿಂದ ಅಕ್ಕ ನಗು ತಡೆಯಲಾರದೆ ಕೆಮ್ಮಿದಳು.

ಗುಬ್ಬಿಗೆ ಅಳು ಬಂತು. ಕೋಪವೂ ಬಂತು. 'ಮೂರು ಸಲ ಒಗೆಯೋಕೆ ಧೈರ್ಯ ಇತ್ತು, ಒಂದು ಸಲ ಹೇಳೋಕೆ ಇರ್ಲಿಲ್ವಾ...'

"ಎಷ್ಟನೇ ಮಹಡಿ ನಿಮ್ಮದು?"

"ನಾಲ್ಕು. ಎಡಗಡೆ. ನಾನು ಇಲ್ಲೇ ನಿಮ್ಮಕ್ಕನ ಜೊತೆ ಮಾತಾಡ್ತಾ ನಿಂತಿರ್ತೀನಿ ಬಿಡು."

ಗುಬ್ಬಿ ಅಕ್ಕನ ಕಡೆ ನೋಡಿದಳು. ಪೆನ್ನಿಲ್ಲ. ಎರಡೂ ಮುಗಿದಿದ್ದವು. ಅಕ್ಕನ ಬಾಯಿ 'ನಾನೂ ಬರ್ತೀನಿ' ಎನ್ನಲು ತೆರೆದು, ಹಾಗೇ ಮುಚ್ಚಿಕೊಂಡಿತು.

"ಹೋಗಿ ಬಾ," ಎಂದಳು ಅಕ್ಕ. ಎನ್ನುವಾಗ ಮಡಚುತ್ತಿದ್ದ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ನಾಲ್ಕನೇ ಮಹಡಿಯ ಉದ್ದನೆಯ ಓಣಿಯಲ್ಲಿ ಎರಡೂ ಕಡೆ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಕೊನೆಯಲ್ಲಿ ಅವನು ಬಗ್ಗಿ ಒಂದು ಪೆಟ್ಟಿಗೆಗೆ ಚೀಟಿ ಕಟ್ಟುತ್ತಿದ್ದ. ಅವಳನ್ನು ಕಂಡವನೇ ಎದ್ದು ನಿಂತು, ಎರಡು ಹೆಜ್ಜೆ ಹಿಂದಕ್ಕೆ ಹೋದ. ಇಬ್ಬರ ನಡುವೆ ಮೂರು ಪೆಟ್ಟಿಗೆಗಳಷ್ಟು ಜಾಗ ಉಳಿಯಿತು.

"ತಪ್ಪು ನಂದು," ಅವನೇ ಮೊದಲು ಮಾತಾಡಿದ. "ಒಗೆದೆ, ತೊಳೆದೆ ಅಂತೆಲ್ಲ ಹೇಳಿ ತಪ್ಪಿಸ್ಕೊಳ್ಳಲ್ಲ. ನಿಮಗೆ ಮೊದಲನೇ ನಿಮಿಷದಲ್ಲೇ ಹೇಳ್ಬೇಕಿತ್ತು. ಹೇಳಿದ್ರೆ ನೀವು ಹೋಗ್ಬಿಡ್ತೀರ ಅಂತ ಹೆದರಿದೆ."

"ಹೋಗೋದು ಬಿಡೋದು ನಾನು ತೀರ್ಮಾನ ಮಾಡ್ಬೇಕಿತ್ತು.  ಅಕ್ಕ ಚಿಕ್ಕಂದಿನಿಂದ ನನ್ನ ಬದಲು ಎಲ್ಲ ತೀರ್ಮಾನ ಮಾಡ್ತಾಳೆ. ಪ್ರೀತಿಯಿಂದಾನೇ. ನೀವೂ ಅದನ್ನೇ ಮಾಡಿದ್ರಿ."

"ಹೌದು." ಅವನು ತಲೆ ತಗ್ಗಿಸಿದ. ಆಮೇಲೆ ಕಷ್ಟಪಟ್ಟು ಮುಖ ಎತ್ತಿದ. "ಇನ್ನೊಂದು ನಿಜ ಹೇಳ್ಬೇಕು. ನಿನ್ನೆಯೆಲ್ಲ ಯೋಚನೆ ಮಾಡಿದೆ. ಬೇಕರಿ ಮುಚ್ಚಿಬಿಡ್ತೀನಿ ಅಂತ ನಿಮಗೆ ಹೇಳೋಣ ಅನ್ನಿಸ್ತು. ಆದ್ರೆ ಅದು ಸುಳ್ಳಾಗುತ್ತೆ. ಹನ್ನೆರಡು ಜನ ಕೆಲಸ ಮಾಡ್ತಾರೆ ಅಲ್ಲಿ. ಅಪ್ಪ ಕಟ್ಟಿದ್ದು. ನಾನು ಮುಚ್ಚಲ್ಲ."

"ಮುಚ್ಚಿ ಅಂತ ಯಾರು ಕೇಳಿದ್ರು?"

ಅವನು ಕೈಯಲ್ಲಿದ್ದ ಚೀಟಿಯ ದಾರವನ್ನು ಬೆರಳಿಗೆ ಸುತ್ತಿಕೊಂಡ.

"ನನಗೆ ನಿಮ್ಮನ್ನ ಕಂಡ್ರೆ ಭಯ," ಗುಬ್ಬಿ ಹೇಳಿದಳು. "ಈಗ ಇಲ್ಲಿ ನಿಂತಿರೋದಕ್ಕೂ ಭಯ ಆಗ್ತಿದೆ."

"ನನಗೂ ಭಯ. ನಿನ್ನೆ ನಿಮ್ಮ ಮುಖ ನೋಡಿದ ಮೇಲೆ ಕಣ್ಣು ಮುಚ್ಚೋಕಾಗ್ತಿಲ್ಲ. ಆದ್ರೂ..." ಅವನ ಧ್ವನಿ ಇಳಿಯಿತು. "ನೀವು ಅಂದ್ರೆ ನನಗೆ ತುಂಬಾ ಇಷ್ಟ. ದೂರದಿಂದಲೇ ಸಾಕು ಅಂದ್ರೆ ದೂರದಿಂದಲೇ. ನೀವು ಹೇಳಿದ ಹಾಗೆ."

ಅವಳ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು. ಜೇಬು ಖಾಲಿಯಿತ್ತು. ಅವಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಇತ್ತು. ಯಾವ ಗಂಡಸಿಗೂ ಅವಳು ಅದನ್ನು ಕೇಳಿರಲಿಲ್ಲ. ಕೇಳಿದರೆ ನಗುತ್ತಾರೆ, ಇಲ್ಲವೇ ಮುಖ ಸಿಂಡರಿಸುತ್ತಾರೆ ಎಂಬ ನಾಚಿಕೆಯಲ್ಲೇ ಇಷ್ಟು ವರ್ಷ ಕಳೆದಿದ್ದಳು.

ಕೊನೆಗೂ ಕೇಳಿದಳು.

"ಇವತ್ತು ಏನೇನು ತಿಂದ್ರಿ?"

ಅವನು ನಗಲಿಲ್ಲ. ಶಾಲೆಯಲ್ಲಿ ಪಾಠ ಒಪ್ಪಿಸುವವನಂತೆ ಕೈ ಕಟ್ಟಿ ನಿಂತ.

"ಬೆಳಿಗ್ಗೆ ಒಂದು ಬಾಳೆಹಣ್ಣು, ಹಾಲಿಲ್ಲದ ಟೀ. ಮಧ್ಯಾಹ್ನ ಕೆಂಪು ಮುಚ್ಚಳದ ತಟ್ಟೆ. ಅನ್ನ, ಬೇಯಿಸಿದ ಕ್ಯಾರೆಟ್ಟು, ಆಲೂಗಡ್ಡೆ. ಎಣ್ಣೆ ಯಾವುದು ಅಂತ ಕೇಳ್ಕೊಂಡೆ, ಸೂರ್ಯಕಾಂತಿ. ಆಮೇಲೆ ಬರೀ ನೀರು."

"ಊಟ ಆಗಿ ಎಷ್ಟು ಹೊತ್ತಾಯ್ತು?"

"ಐದು ಗಂಟೆ ಆಯ್ತು."

"ಹಲ್ಲು?"

"ಉಜ್ಜಿದೀನಿ. ಎರಡು ಸಲ."

"ಎರಡು ಸಲ ಯಾಕೆ?"

ಅವನ ಕಿವಿಗಳು ಕೆಂಪಾದವು. "ನೀವು ಬಂದ್ರೆ... ಕೇಳ್ತೀರೇನೋ ಅಂತ."

ಗುಬ್ಬಿ ಮುಂದಿದ್ದ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. ಎರಡನೆಯದನ್ನೂ ಸರಿಸಿದಳು. ಮೂರನೆಯದನ್ನು ಅವನೇ ಸರಿಸಲು ಬಗ್ಗಿದಾಗ, "ನೀವು ನಿಂತಲ್ಲೇ ನಿಲ್ಲಿ, ನಾನೇ ಬರ್ತೀನಿ," ಎಂದಳು.

ಅವನು ನಿಂತ. ಅವಳು ಬಂದಳು. ಅವನ ಎರಡೂ ಕೈಗಳನ್ನು ತಾನೇ ಹಿಡಿದುಕೊಂಡಳು.

"ಭಯ ಆಗ್ತಿದ್ಯಾ?" ಅವನು ಪಿಸುಗುಟ್ಟಿದ.

"ತುಂಬಾ," ಎಂದಳು ಗುಬ್ಬಿ. "ಸ್ವಲ್ಪ ಬಗ್ಗಿ. ನನಗೆ ಎಟುಕಲ್ಲ."